ಸುಬ್ಬಮ್ಮನಿಗೆ ಅತ್ತ ಅರ್ಧ ಅಳು

ಚಂದ್ರವ್ವನಿಗೆ ಚೆನ್ನಾಗಿ ಅಳಲು ಬರುತ್ತದೆ. ಮೂಗು ಮುರಿಯಬೇಡಿ, ಅದೂ ಒಂದು ವಿದ್ಯೆ. ಬಾದಾಮಿ ಕಡೆಯ ಅವಳ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಅಂದರೆ ಮೂಲೆಯಲ್ಲಿ ಕುಳಿತು ಕರ್ಚೀಫಿನಲ್ಲಿ ಮೂಗು ಒರೆಸಿಕೊಳ್ಳುವುದಲ್ಲ. ಹೆಣದ ತಲೆಯ ಹತ್ತಿರ ಕುಳಿತು, ಸತ್ತವರನ್ನು ಹೆಸರು ಹಿಡಿದು ಕರೆದು, ಅವರೊಡನೆಯೇ ಮಾತಾಡುತ್ತ, ಅವರ ಬದುಕನ್ನು ರಾಗದಲ್ಲಿ ಒಂದೊಂದೇ ಸಾಲಾಗಿ ಎತ್ತಿ ಹೇಳುತ್ತ ಅಳುವುದು. ಮೊದಲೇ ಕಟ್ಟಿಟ್ಟುಕೊಂಡ ಹಾಡಲ್ಲ ಅದು. ಆ ಹೊತ್ತಿಗೆ, ಆ ಮುಖ ನೋಡಿದರೆ ಬರಬೇಕು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಇದನ್ನು ಅವಳಿಗೆ ಕಲಿಸಿದವಳು ಚಿಕ್ಕಮ್ಮ ಶರಣವ್ವ. ಬಹಳ ಖಡಕ್ ಹೆಂಗಸು. ಇನ್ನೂ ಲಂಗ ಉಡುತ್ತಿದ್ದ ಚಂದ್ರವ್ವ ಒಮ್ಮೆ ಯಾರದೋ ಸಾವಿನಲ್ಲಿ 'ಒಳ್ಳೆಯಾಕಿ, ಬಂಗಾರದಂಥಾಕಿ' ಎಂದು ಅತ್ತು ಬಂದಾಗ ಮನೆಯಲ್ಲಿ ಚೆನ್ನಾಗಿ ಉಗಿಸಿಕೊಂಡಿದ್ದಳು.

"ಸತ್ತ ಮ್ಯಾಲೆ ಎಲ್ಲಾರೂ ಒಳ್ಳೇವ್ರ. ಬಂಗಾರ ಅಂದ್ರ ಯಾರಿಗೆ ಗುರ್ತು ಸಿಗತೈತಿ? ಆಕಿ ಕೈಯಾಗ ಏನಿರತಿತ್ತು, ಅದನ್ನ ಹೇಳು. ಆಕಿ ಮ್ಯಾಲೆ ನಿನಗೇನು ಸಿಟ್ಟಿತ್ತು, ಅದನ್ನ ಮೊದಲ ಹೇಳು. ಆಮ್ಯಾಲ ಹೊಳ್ಳಸು" ಎಂದಿದ್ದಳು ಶರಣವ್ವ.

ಹೊಳ್ಳಿಸುವುದೆಂದರೆ ತಿರುಗಿಸುವುದು. ಅದು ಹೇಗೆಂದು ಚಂದ್ರವ್ವ ಕಣ್ಣಾರೆ ಕಂಡಿದ್ದಳು. ಓಣಿಯಲ್ಲಿ ಒಬ್ಬ ಮಹಾ ಜಿಪುಣಿ ಮುದುಕಿ ಸತ್ತಿದ್ದಳು. ಅವಳ ಸೊಸೆ ಗೋಡೆಗೆ ಒರಗಿ ಒಣ ಕಣ್ಣಿನಲ್ಲಿ ಕುಳಿತಿದ್ದಳು. ಶರಣವ್ವ ಹೋಗಿ, ಬೆಲ್ಲದ ಡಬ್ಬಿಗೆ ಕೀಲಿ ಹಾಕಾಕಿ, ಸೊಸಿಗೆ ಕಾಣದಂಗ ಕೀಲಿ ಬಚ್ಚಿಡಾಕಿ, ಎಂದು ಶುರು ಮಾಡಿದಳು. ಕುಳಿತವರಲ್ಲಿ ಒಂದಿಬ್ಬರು ಒಳಗೊಳಗೇ ನಕ್ಕರು. ಆಮೇಲೆ ಶರಣವ್ವ ದನಿ ಇಳಿಸಿ, ಸೊಸಿ ಬಾಣಂತಿ ಆದಾಗ ಆ ಡಬ್ಬಿ ಪೂರಾ ಬರಿದು ಮಾಡಿದಾಕಿ, ಅವತ್ತ ಕೀಲಿ ಎಲ್ಲಿ ಒಗದಿದ್ದಿ ನನ್ನವ್ವಾ, ಎಂದು ಎತ್ತಿದಳು. ಗೋಡೆಗೆ ಒರಗಿದ್ದ ಸೊಸೆ ಅಲ್ಲೇ ಕುಸಿದು ಹೋದಳು. ಆ ಮುದುಕಿ ಜಿಪುಣಿಯಲ್ಲ ಎಂದು ಯಾರೂ ಹೇಳಲಿಲ್ಲ. ಜಿಪುಣಿಯಾಗಿದ್ದುಕೊಂಡೇ ಅವಳು ಎಲ್ಲರನ್ನೂ ಅಳಿಸಿದಳು.

ಇಂಥ ವಿದ್ಯೆಯನ್ನು ಹೊತ್ತುಕೊಂಡು ಬಂದವಳು ಈಗ ಬೆಂಗಳೂರಿನ ಕೆಂಪಾಪುರದಲ್ಲಿ ದೊಡ್ಡಮುನಿಯಪ್ಪನವರ ಕಟ್ಟಡದ ಮೂರನೇ ಅಂತಸ್ತಿನ ಬಾಡಿಗೆ ಮನೆಯಲ್ಲಿದ್ದಾಳೆ. ಗಂಡ ಶಿವಶರಣಪ್ಪ ಹೆಬ್ಬಾಳದ ಕಡೆ ಒಂದು ಕಾಲೇಜಿನಲ್ಲಿ ಅಟೆಂಡರು. ಮಗಳು ರಕ್ಷಾ ಬಿ.ಎ. ಓದುತ್ತಾಳೆ. ಚಂದ್ರವ್ವ ಸುತ್ತಲಿನ ಪೀಜಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ರೊಟ್ಟಿಗೆ ಬೆಂಗಳೂರಿನಲ್ಲಿ ಗಿರಾಕಿ ಇದೆ, ಅಳುವಿಗೆ ಇಲ್ಲ. ಇಲ್ಲಿ ಸಾವೆಂದರೆ ಶಾಮಿಯಾನ, ಬಾಡಿಗೆ ಕುರ್ಚಿ, ಫ್ಲೆಕ್ಸು, ಮೆಲುದನಿಯಲ್ಲಿ 'ಏನಾಗಿತ್ತಂತೆ'. ಇಲ್ಲಿಗೆ ಬಂದಾಗಿನಿಂದ ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು, ಯಾಕೆಂದರೆ ಇಲ್ಲಿ ಸತ್ತವರು ಯಾರೂ ಅವಳವರಾಗಿರಲಿಲ್ಲ.

ಸುಬ್ಬಮ್ಮ ಮಾತ್ರ ಅವಳವಳಾಗಿದ್ದಳು.

ಸುಬ್ಬಮ್ಮ ದೊಡ್ಡಮುನಿಯಪ್ಪನವರ ಹೆಂಡತಿ, ಕಟ್ಟಡದ ಯಜಮಾನಿ. ಕೆಳಗಿನ ಮನೆಯಲ್ಲಿ ಇದ್ದುಕೊಂಡು ಇಡೀ ಕಟ್ಟಡ ಆಳಿದವಳು. ಹೊತ್ತಿಗೆ ಸರಿಯಾಗಿ ನೀರಿನ ವಾಲ್ವ್ ಮುಚ್ಚುವುದು ಅವಳ ವ್ರತ. ಮೇಲೆ ಯಾರ ಮೈಗೆ ಸೋಪು ಹತ್ತಿದೆ, ಯಾರ ಅಕ್ಕಿ ಅರ್ಧ ತೊಳೆದಿದೆ ಎಂದು ನೋಡುವವಳಲ್ಲ. ಚಂದ್ರವ್ವ ಮೇಲಿನಿಂದ ಬಗ್ಗಿ "ಅಮ್ಮಾರ, ಕಣ್ಣಾಗ ಸಾಬಾನು ಹೋಗೇತ್ರಿ" ಎಂದು ಕೂಗಿದರೆ, ಕೆಳಗಿನಿಂದ "ನಾಳೆ ಬೇಗ ಎದ್ದೇಳು ಚಂದ್ರಮ್ಮ" ಎಂಬ ಉತ್ತರ ಬರುತ್ತಿತ್ತು. ಚಂದ್ರವ್ವ ಎಂದು ಅವಳು ಒಂದು ದಿನವೂ ಕರೆಯಲಿಲ್ಲ. ಜೋಳದ ರೊಟ್ಟಿಯನ್ನು ರಟ್ಟು ಎಂದು ಆಡಿಕೊಳ್ಳುತ್ತಿದ್ದಳು, ಆಡಿಕೊಳ್ಳುತ್ತಲೇ ದಿನವೂ ತಟ್ಟೆ ಕಳಿಸಿ ತರಿಸಿಕೊಳ್ಳುತ್ತಿದ್ದಳು. ಅವರೆಕಾಯಿ ಕಾಲದಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಅವರೆಕಾಳು ಹಿಸುಕುತ್ತ ಊರವರ ಸುದ್ದಿಯನ್ನೂ ಹಿಸುಕುತ್ತಿದ್ದರು. ಹೀಗೆ ಜಗಳಕ್ಕೂ ಮಾತಿಗೂ ಒಬ್ಬರಿಗೊಬ್ಬರು ಬೇಕಾಗಿ ಹೋಗಿದ್ದರು.

ಒಂದು ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. ಅದೇ ವಾರ ರಕ್ಷಾಳಿಗೆ ಡೆಂಗಿ. ಶಿವಶರಣಪ್ಪ ಊರಿಗೆ ಹೋಗಿದ್ದ. ಟ್ಯಾಂಕರು ಬರುವುದು ಯಾವಾಗಲೋ. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಗಿ ಚಂದ್ರವ್ವ ತೆರೆದರೆ, ಮಂಡಿ ನೋವಿನಿಂದ ದೇವಸ್ಥಾನದ ಮೆಟ್ಟಿಲು ಹತ್ತುವುದನ್ನೂ ಬಿಟ್ಟಿದ್ದ ಸುಬ್ಬಮ್ಮ ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಿಂತಿದ್ದಳು. ತನ್ನ ಅಡುಗೆಮನೆಯ ಡ್ರಮ್ಮಿನ ನೀರು. "ಬಾಗ್ಲು ತೆಗೆಯೋಕೆ ಇಷ್ಟೊತ್ತಾ" ಎಂದು ಬೈದು, ಕೊಡ ಇಳಿಸಿ, ಮತ್ತೆ ಇಳಿದು ಹೋಗಿ ಇನ್ನೊಂದು ಕೊಡ ತಂದಳು. ಮಗಳ ಜ್ವರ ಇಳಿಯುವವರೆಗೂ ತಂದಳು. ಯಾರಿಗೂ ಹೇಳಲಿಲ್ಲ. ನೀರು ಬಂದ ಮೇಲೆ ಮತ್ತೆ ಯಥಾಪ್ರಕಾರ ವಾಲ್ವ್ ಮುಚ್ಚಲು ಶುರು ಮಾಡಿದಳು.

ಆ ಸುಬ್ಬಮ್ಮ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಯಲ್ಲಿ ಒರಗಿದವಳು ಮತ್ತೆ ಏಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಬಾಗಿಲ ಮುಂದೆ ಶಾಮಿಯಾನ ಎದ್ದಿತ್ತು, ಗಾಜಿನ ಪೆಟ್ಟಿಗೆಯಲ್ಲಿ ಸುಬ್ಬಮ್ಮ ಮಲಗಿದ್ದಳು. ಬಾಗಲೂರು, ದೇವನಹಳ್ಳಿ ಕಡೆಯ ನೆಂಟರು ಕಾರುಗಳಲ್ಲಿ ಬಂದು ಹಾರ ಹಾಕಿ, ಕೈ ಮುಗಿದು, ಕುರ್ಚಿ ಹಿಡಿಯುತ್ತಿದ್ದರು. ಸೊಸೆ ವೇದಾ ಕಣ್ಣು ಒರೆಸಿಕೊಳ್ಳುತ್ತ ಬಂದವರಿಗೆ ಕಾರಣ ಹೇಳುತ್ತಿದ್ದಳು. ಅಪಾರ್ಟ್‌ಮೆಂಟ್ ಕಟ್ಟಿಸುವ ಮಗ ಶರತ್ ಎರಡು ಫೋನು ಹಿಡಿದು ಓಡಾಡುತ್ತಿದ್ದ. ದೊಡ್ಡಮುನಿಯಪ್ಪನವರು ಹೆಂಡತಿಯ ಕಾಲ ಬಳಿ ಕುಳಿತು ಗಾಜಿನ ಮೇಲೆ ಕೈ ಇಟ್ಟುಕೊಂಡಿದ್ದರು. ಇಷ್ಟು ಜನ ಇದ್ದರೂ ಅಲ್ಲಿ ಸತ್ತದ್ದು ಯಾರು ಎಂದು ಹೇಳುವವರು ಒಬ್ಬರೂ ಇಲ್ಲವಲ್ಲ ಎಂದು ಚಂದ್ರವ್ವನಿಗೆ ಹೊಟ್ಟೆ ಉರಿಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡು, ಜನರನ್ನು ಸರಿಸಿ, ತಲೆಯ ಹತ್ತಿರ ಹೋಗಿ ಕುಳಿತೇಬಿಟ್ಟಳು.

"ಯವ್ವಾ ನನ ಸುಬ್ಬವ್ವಾ, ಎದ್ದು ಒಮ್ಮೆ ಬೈಯ ನನ್ನವ್ವಾ. ನೀರಿನ ಹೊತ್ತು ಮೀರೇತಿ, ಇನ್ನೂ ಯಾಕ ಮಲಗೀದಿ ನನ್ನವ್ವಾ. ಮಾರಿಗೆ ಸಾಬಾನ ಹಚ್ಚಿದ ಹೊತ್ತಿಗೆ ನೀರ ಬಂದ್ ಮಾಡಾಕಿ. ಕಣ್ಣ ಉರಿತಾವಂತ ಒದರಿದರೂ ಕೇಳದಂಗ ಕುಂದ್ರಾಕಿ. ನನ್ನ ರೊಟ್ಟಿಗೆ ರಟ್ಟಂದಾಕಿ, ನನ್ನ ಹೆಸರ ಕೆಡಿಸಿದಾಕಿ."

ದನಿ ತಾನಾಗಿಯೇ ಏರಿತ್ತು. ಮುಂದಿನ ಸಾಲುಗಳು ಗಂಟಲಿನಲ್ಲಿ ಒಂದರ ಹಿಂದೆ ಒಂದು ಬಂದು ನಿಂತಿದ್ದವು. ಇನ್ನೆರಡು ಸಿಟ್ಟು ಹೇಳಿ, ಆ ನೀರಿನ ಕೊಡದ ಮಾತಿಗೆ ಹೊಳ್ಳಿಸಬೇಕು ಎನ್ನುವಷ್ಟರಲ್ಲಿ ಅವಳ ಎರಡೂ ರಟ್ಟೆಗೆ ಕೈ ಬಿದ್ದವು. ಒಂದು ಕಡೆ ವೇದಾ, ಇನ್ನೊಂದು ಕಡೆ ಯಾರೋ ನೆಂಟರ ಹೆಂಗಸು.

"ಆಂಟಿ, ಸಾಕು ಬನ್ನಿ. ಎಲ್ಲಾರೂ ನೋಡ್ತಿದಾರೆ."

"ಬಿಡವ್ವ, ಇನ್ನೂ ಮುಗದಿಲ್ಲ."

"ಮುಗೀತು ಬನ್ನಿ. ನೀರು ಕುಡೀರಿ."

ಎಬ್ಬಿಸಿಕೊಂಡು ಹೋಗಿ ಶಾಮಿಯಾನದ ಆಚೆ ಕುರ್ಚಿಯಲ್ಲಿ ಕೂರಿಸಿದರು. ಯಾರೋ ನೀರಿನ ಬಾಟಲಿ ಕೊಟ್ಟರು. ಅಷ್ಟರಲ್ಲಿ ಹೆಣದ ಗಾಡಿ ಬಂತು. ಯಲಹಂಕದಾಚೆ ಇನ್ನೂ ಉಳಿದಿದ್ದ ತೋಟದಲ್ಲಿ ಮಣ್ಣು ಮಾಡುವುದಿತ್ತು, ಟ್ರಾಫಿಕ್ಕಿನ ಅವಸರ. ಚಂದ್ರವ್ವ ಮತ್ತೆ ಎದ್ದು ಹತ್ತಿರ ಹೋಗುವಷ್ಟರಲ್ಲಿ ಗಾಡಿಯ ಬಾಗಿಲು ಮುಚ್ಚಿತ್ತು. ಅರ್ಧ ನುಂಗಿದ ತುತ್ತು ಎದೆಯಲ್ಲಿ ಸಿಕ್ಕಿಕೊಂಡರೆ ಹೇಗಾಗುತ್ತದೋ ಹಾಗಾಯಿತು ಅವಳಿಗೆ.

ಅಷ್ಟಕ್ಕೇ ಮುಗಿದಿದ್ದರೆ ಅವಳೂ ಸುಮ್ಮನಾಗುತ್ತಿದ್ದಳೇನೋ. ಯಾರೋ ಪುಣ್ಯಾತ್ಮರು ಅದನ್ನು ಮೊಬೈಲಿನಲ್ಲಿ ಹಿಡಿದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅದರಲ್ಲಿ ಇದ್ದದ್ದು ಏನು? ನೀರು ಬಂದ್ ಮಾಡಾಕಿ, ಕೇಳದಂಗ ಕುಂದ್ರಾಕಿ, ರಟ್ಟಂದಾಕಿ. ಅಲ್ಲಿಗೆ ಕಟ್. ನೀರಿನ ಸಿಟ್ಟಿಗೆ ಬಾಡಿಗೆಯವಳು ಹೆಣದ ಮುಂದೆ ಕುಳಿತು ಯಜಮಾನಿಯನ್ನು ಬೈದಳು ಎಂದು ದೇವನಹಳ್ಳಿವರೆಗೂ ಸುದ್ದಿ ಹೋಯಿತು. ಮೂರನೇ ದಿನ ಹಾಲು ತುಪ್ಪಕ್ಕೆ ಚಂದ್ರವ್ವ ಕೆಳಗಿಳಿದರೆ, ಎದುರು ಮನೆಯವರು ಮುಖ ತಿರುಗಿಸಿಕೊಂಡರು. ಪಕ್ಕದ ಮನೆ ಬಾಡಿಗೆಯವಳು ಮಾತ್ರ ಹತ್ತಿರ ಬಂದು "ಒಳ್ಳೇ ಕೆಲ್ಸ ಮಾಡಿದ್ರಿ ಬಿಡಿ, ಯಾರಾದ್ರೂ ಹೇಳ್ಬೇಕಿತ್ತು" ಎಂದು ಪಿಸುಗುಟ್ಟಿದಳು. ಬೈದವರಿಗಿಂತ ಈ ಮೆಚ್ಚುಗೆಯೇ ಚಂದ್ರವ್ವನನ್ನು ಹೆಚ್ಚು ಕಾಡಿತು.

ಸಂಜೆ ಶರತ್ ಮೇಲೆ ಬಂದ. ಜಗಳಕ್ಕೆ ಬಂದವನಲ್ಲ. ಕಣ್ಣು ಊದಿಕೊಂಡಿತ್ತು, ಗಡ್ಡ ಬಿಟ್ಟಿದ್ದ. ಕುರ್ಚಿಯ ಅಂಚಿನಲ್ಲಿ ಕುಳಿತ.

"ಆಂಟಿ, ನಮ್ಮಮ್ಮ ನಿಮ್ಗೆ ಏನ್ ಕಮ್ಮಿ ಮಾಡಿದ್ರು ಹೇಳಿ. ನೀರಿನ ವಿಷ್ಯ ಇದ್ರೆ ನಂಗೆ ಹೇಳ್ಬೋದಿತ್ತು. ಸತ್ತೋದೋರ ಮುಂದೆ ಕೂತ್ಕೊಂಡು ಹಂಗ್ ಮಾತಾಡೋದಾ?"

"ಬೈದದ್ದಲ್ಲಪಾ ಅದು. ಅಳೋದ ಹಂಗ."

"ಬೈದಿಲ್ಲ ಅಂದ್ರೆ ಏನದು? ನಾನೇ ಕೇಳಿದೀನಿ."

ಮೊದಲು ಸಿಟ್ಟು, ಎರಡನೇದು ಹೊಳ್ಳಿಸುವುದು ಎಂದು ಚಂದ್ರವ್ವ ವಿವರಿಸಲು ನೋಡಿದಳು. ಕೊಡದ ಕತೆ ಹೇಳಿದಳು, ಬತ್ತಿದ ಬೋರ್‌ವೆಲ್ ಹೇಳಿದಳು, ಮಂಡಿ ನೋವು ಹೇಳಿದಳು. ಹೇಳುತ್ತಿದ್ದಂತೆ ಅವಳಿಗೇ ಅದು ಸಪ್ಪೆಯಾಗಿ ಕೇಳಿಸಿತು. ನೀರು ತಂದುಕೊಟ್ಟರು, ಉಪಕಾರ ಮಾಡಿದರು. ಯಾವ ಓನರು ಬೇಕಾದರೂ ಯಾವ ಬಾಡಿಗೆಯವರಿಗೆ ಬೇಕಾದರೂ ಮಾಡಬಹುದಾದ ಉಪಕಾರದ ಹಾಗಿತ್ತು. ಶರತ್‌ನ ಮುಖ ಮಾತ್ರ ಅರಳಿತು.

"ಇಷ್ಟ್ ಒಳ್ಳೇ ವಿಷ್ಯ ಇಟ್ಕೊಂಡು ಅದನ್ನ ಬಿಟ್ಟು ಬೇರೆ ಎಲ್ಲಾ ಹೇಳಿದ್ರಲ್ಲ ಆಂಟಿ. ಹನ್ನೊಂದನೇ ದಿನ ತಿಥಿಗೆ ಎಲ್ಲಾರೂ ಬರ್ತಾರೆ. ಮೈಕ್ ಇರತ್ತೆ. ಈ ಎರಡನೇದು ಮಾತ್ರ ಹೇಳ್ಬಿಡಿ. ಎಲ್ಲಾ ಸರಿ ಹೋಗತ್ತೆ."

"ಮೊದಲಿಂದು ಬಿಟ್ಟು ಎರಡನೇದು ಹೆಂಗ ಹೇಳೂದಪಾ? ಹೊತ್ತಿಗೆ ಸರಿಯಾಗಿ ನೀರು ಬಂದ್ ಮಾಡಾಕಿ ಆಗಿದ್ದಕ್ಕ ಅಲ್ಲೇನು ಆ ಕೊಡಕ್ಕ ತೂಕ?"

ಶರತ್ ಅವಳನ್ನೇ ನೋಡಿದ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ಅವನನ್ನು ದೂರುವಂತೆಯೂ ಇರಲಿಲ್ಲ, ತಾಯಿ ಸತ್ತು ಮೂರು ದಿನವಾಗಿತ್ತು. "ನಂಗೋಸ್ಕರ ಹೇಳಿ ಆಂಟಿ. ಅಮ್ಮನ ಹೆಸ್ರು ಹಾಳಾಗ್ತಿದೆ" ಎಂದು ಎದ್ದು ಹೋದ.

ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡ ರಕ್ಷಾ ಹೊರಗೆ ಬಂದಳು. ಅವಳಿಗೆ ಕಾಲೇಜಿನಲ್ಲಿ ಕನ್ನಡವೇ ಮುಖ್ಯ ವಿಷಯ.

"ಅವ್ವಾ, ನೀನು ಮಾಡಿದ್ದಕ್ಕೆ ನಮ್ಮ ಪಾಠದಲ್ಲಿ ಹೆಸ್ರೇ ಇದೆ. ನಿಂದಾಸ್ತುತಿ ಅಂತಾರೆ. ಬೈದು ಹೊಗಳೋದು. ದೇವ್ರಿಗೂ ಹಂಗೇ ಬೈತಾರೆ. ಪರೀಕ್ಷೇಲಿ ಬರತ್ತೆ."

"ಹೆಸರೈತಿ ಅಂತೀ. ಹಂಗಾರ ಕೇಳಿದವರಿಗೆ ಯಾಕ ಗೊತ್ತಾಗಲಿಲ್ಲ?"

"ಅದು ಪುಸ್ತಕದಲ್ಲಿ ಅವ್ವಾ. ಸಾವಿನ ಮನೇಲಿ ಯಾರ್ ನೋಡ್ತಾರೆ?"

"ಸಾವಿನ ಮನ್ಯಾಗ ಹುಟ್ಟಿದ್ದನ್ನ ಪುಸ್ತಕದಾಗ ಇಟ್ಟು ಏನು ಪೂಜಿ ಮಾಡತೀರಿ?" ಎಂದು ಚಂದ್ರವ್ವ ಮಗಳ ಮೇಲೆ ಹರಿಹಾಯ್ದಳು. ಪಾಪ, ಅದರಲ್ಲಿ ರಕ್ಷಾಳ ತಪ್ಪೇನೂ ಇರಲಿಲ್ಲ. ಆದರೆ ಆ ಹೊತ್ತಿಗೆ ಕೈಗೆ ಸಿಕ್ಕವಳು ಅವಳೊಬ್ಬಳೇ.

ತಿಥಿಯ ದಿನ ಬಂತು. ಬೀದಿಗೆ ಬೀದಿಯೇ ಶಾಮಿಯಾನ. ಗೇಟಿನ ಪಕ್ಕ ಸುಬ್ಬಮ್ಮನ ಆಳೆತ್ತರದ ಫ್ಲೆಕ್ಸು. ಹಿಂದೆ ಹಿಮದ ಬೆಟ್ಟ, ಮೇಲೆ ಎರಡು ಪಾರಿವಾಳ, ಕೆಳಗೆ 'ಮಮತಾಮಯಿ, ಕರುಣಾಮಯಿ, ಸಹನಾಮೂರ್ತಿ'. ಸಹನೆಗೂ ಸುಬ್ಬಮ್ಮನಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಅದನ್ನು ಓದಿದ್ದರೆ ಫ್ಲೆಕ್ಸು ಹಾಕಿದವನನ್ನು ಸುಬ್ಬಮ್ಮನೇ ಎದ್ದು ಬಂದು ಬೈಯುತ್ತಿದ್ದಳು. ಫೋಟೋದಲ್ಲಿ ಅವಳ ಮುಖದ ಸುಕ್ಕನ್ನು ತಿದ್ದಿ ನುಣುಪು ಮಾಡಿದ್ದರು, ಹಾಗಾಗಿ ಅವಳ ಗುರುತೇ ಸರಿಯಾಗಿ ಸಿಗುತ್ತಿರಲಿಲ್ಲ.

ನಿರೂಪಣೆಗೆ ನರೇಂದ್ರ ಎನ್ನುವವರನ್ನು ಕರೆಸಿದ್ದರು. ಆ ಭಾಗದ ಮದುವೆ, ಸನ್ಮಾನ, ತಿಥಿ ಎಲ್ಲಕ್ಕೂ ಅವರೇ. ಒಳ್ಳೆಯ ಕಂಠ. ನುಡಿನಮನ ಶುರುವಾದದ್ದೇ ಸುಬ್ಬಮ್ಮ ಆಕಾಶದಷ್ಟು ವಿಶಾಲವಾದಳು, ಸಾಗರದಷ್ಟು ಆಳವಾದಳು, ಹಿಮಾಲಯದಷ್ಟು ಎತ್ತರವಾದಳು. ಮೇಣದ ಬತ್ತಿಯಾಗಿ ಕರಗಿದಳು, ಗಂಧದ ಕೊರಡಾಗಿ ತೇಯ್ದಳು. ಎಲ್ಲ ಬಂದವು, ಕೆಂಪಾಪುರ ಒಂದು ಬರಲಿಲ್ಲ. ಈ ಮಾತುಗಳನ್ನು ಅವರು ಹೋದ ವಾರ ಬೇರೆ ಯಾರಿಗೋ ಹೇಳಿದ್ದರು, ಬರುವ ವಾರ ಇನ್ಯಾರಿಗೋ ಹೇಳುತ್ತಾರೆ. ಕೆಟ್ಟ ಮನುಷ್ಯರಲ್ಲ ನರೇಂದ್ರ. ಒಗ್ಗರಣೆ ಮೊದಲೇ ಹಾಕಿಟ್ಟು ಯಾವ ಸಾರಿಗೆ ಬೇಕಾದರೂ ಸುರಿಯುವುದು ರೂಢಿಯಾಗಿತ್ತು. ಕುಳಿತವರು ತಲೆ ಆಡಿಸುತ್ತ, ಊಟದ ಪಂಕ್ತಿ ಯಾವಾಗ ಹಾಕುತ್ತಾರೆ ಎಂದು ಕತ್ತು ಹೊರಳಿಸಿ ನೋಡುತ್ತಿದ್ದರು.

ಆಮೇಲೆ ಚಂದ್ರವ್ವನ ಹೆಸರು ಕರೆದರು. "ನಿಮಗೆ ಕಷ್ಟ ಆಗಬಾರದು ಅಂತ ನಾನೇ ಎರಡು ಮಾತು ಬರೆದಿದ್ದೀನಿ ತಾಯಿ" ಎಂದು ನರೇಂದ್ರ ಒಂದು ಚೀಟಿ ಕೈಗಿತ್ತರು. ಅವಳು ಮೈಕಿನ ಮುಂದೆ ನಿಂತಳು. ಎದುರಿಗೆ ಹಾರ ಹಾಕಿದ ನುಣುಪು ಮುಖದ ಫೋಟೋ. ಹೇಳಿಬಿಡಲೇ, ನಿಜವಾದದ್ದನ್ನೇ ಎತ್ತಲೇ ಎಂದು ಒಂದು ಕ್ಷಣ ಅನಿಸಿತು. ಗಂಟಲಿನಲ್ಲಿ ಹುಡುಕಿದಳು. ಅಂದು ಸಾಲುಗಟ್ಟಿ ನಿಂತಿದ್ದ ಮಾತುಗಳಲ್ಲಿ ಒಂದೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಶರತ್ ಕೈ ಮುಗಿದ ಹಾಗೆ ಕುಳಿತಿದ್ದ. ಅವಳು ಚೀಟಿ ನೋಡಿ ಓದಿದಳು. "ಮಾತೃಹೃದಯಿ ಸುಬ್ಬಮ್ಮನವರು ಕರ್ಪೂರದಂತೆ ಉರಿದು ಬೆಳಕಾದರು. ನನ್ನಂಥ ಬಡವಳಿಗೆ ನೀರೆರೆದು ಕಾಪಾಡಿದ ಕಾಮಧೇನು."

ಕೆಲವರು ಚಪ್ಪಾಳೆ ತಟ್ಟಿದರು. ವೇದಾ ಬಂದು ಅವಳ ಕೈ ಒತ್ತಿ "ಥ್ಯಾಂಕ್ಸ್ ಆಂಟಿ" ಎಂದಳು. ಎಲ್ಲ ಸರಿಹೋಯಿತು, ಶರತ್ ಹೇಳಿದ ಹಾಗೆಯೇ. ನೆಂಟರು ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಹೋಳಿಗೆ ಬಡಿಸಿದರು. ಚಂದ್ರವ್ವ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದಳು. ಹೆಣದ ಮುಂದೆ ತಡೆದವರ ಮೇಲೆ ಅಷ್ಟು ದಿನ ಇದ್ದ ಸಿಟ್ಟು ಈಗ ತನ್ನ ಬಾಯಿಯ ಮೇಲೆಯೇ ತಿರುಗಿತು. ಸುಬ್ಬಮ್ಮನನ್ನು ಕಾಮಧೇನು ಎಂದವಳು ತಾನೇ, ಬೇರೆ ಯಾರೂ ಅಲ್ಲ. ಎಲೆ ಮಡಚಿ ಎದ್ದು, ಯಾರ ಮುಖವನ್ನೂ ನೋಡದೆ ಮೆಟ್ಟಿಲ ಕಡೆ ನಡೆದಳು.

"ಚಂದ್ರಮ್ಮ, ಒಸಿ ನಿಂತ್ಕಳವ್ವ."

ದೊಡ್ಡಮುನಿಯಪ್ಪನವರು ಮೆಟ್ಟಿಲ ಪಕ್ಕದ ಬಾಗಿಲಲ್ಲಿ ಒಬ್ಬರೇ ನಿಂತಿದ್ದರು. ಬೋಳಿಸಿದ ತಲೆ, ಹೊಸ ಪಂಚೆ. ಹೆಂಡತಿ ಸತ್ತಾಗಿನಿಂದ ಅವರು ಬಾಯಿ ಬಿಟ್ಟದ್ದನ್ನು ಅವಳು ಕೇಳಿರಲಿಲ್ಲ.

"ಆವತ್ತು ಅವ್ಳ ಮುಂದೆ ಕುಂತ್ಕಂಡು ಅಳ್ತಿದ್ದಲ್ಲ. ನಮ್ಮವ್ವನೂ ಇಂಗೇ ಅಳ್ತಿತ್ತು. ಮೊದ್ಲು ಬೈಯ್ಯೋದು, ಆಮ್ಯಾಕೆ ತಿರುಗ್ಸೋದು. ನಂಗೊತ್ತು."

ಚಂದ್ರವ್ವನಿಗೆ ಸಮಾಧಾನಕ್ಕಿಂತ ಮೊದಲು ಸಿಟ್ಟು ಬಂತು. "ಗೊತ್ತಿದ್ದರ ಆವತ್ತ ಯಾಕ ಹೇಳಲಿಲ್ರಿ ಯಜಮಾನ್ರ? ಒಂದು ಮಾತು ಬಿಡ್ರಿ ಆಕಿನ್ನ ಅಂದಿದ್ದರ ಸಾಕಿತ್ತು. ಊರ ಮಂದಿ ನನ್ನ ಉಗುಳಿದರು."

"ಏಳ್ಬೇಕಿತ್ತು ಕಣವ್ವ. ಬಾಯೇ ಬರ್ನಿಲ್ಲ." ಅವರು ಬಾಗಿಲ ಚೌಕಟ್ಟನ್ನು ಸವರಿದರು. "ಅವ್ಳ ತವ್ರವ್ರು ಕೊಟ್ಟಿದ್ದ ಗದ್ದೆ ಒಂದಿತ್ತು, ಕೆರೆ ಕೆಳಗೆ. ಅವ್ಳನ್ನ ಒಂದು ಮಾತೂ ಕೇಳ್ದೆ ಮಾರ್ಬುಟ್ಟೆ. ಸಾಯೋಗಂಟ ಬೈದ್ಲು. ಊಟಕ್ಕೆ ಕುಂತ್ರೆ ಆ ಮಾತು ಅಂದೇ ಬಡ್ಸೋಳು. ಮ್ಯಾಲಿರೋಳು ನೀನು, ಕೇಳುಸ್ಕಂಡಿರ್ತೀಯ."

ಕೇಳಿಸಿಕೊಂಡಿದ್ದಳು. ಇಡೀ ಕಟ್ಟಡ ಕೇಳಿಸಿಕೊಂಡಿತ್ತು.

"ನೀರಿನ್ ಮಾತು ಎತ್ತಿದೆ, ರೊಟ್ಟಿ ಮಾತು ಎತ್ತಿದೆ. ಇನ್ನೇನು ಗದ್ದೆ ಮಾತು ಬತ್ತದೆ ಅಂತ ಕಾಯ್ಕಂಡ್ ಕುಂತಿದ್ದೆ. ಬರ್ಲಿ, ಎಲ್ಲಾರ್ ಮುಂದೆ ಬರ್ಲಿ ಅಂತ್ಲೇ ಕುಂತಿದ್ದೆ. ಅದು ಬಂದ್ರೆ ಆಮ್ಯಾಕೆ ತಿರುಗ್ಬೇಕಲ್ಲ ಚಂದ್ರಮ್ಮ. ತಿರುಗಿದ್ರೆ ಏನ್ ಬರ್ತಿತ್ತು? ಅದೊಂದು ಏಳ್ಬುಡು ನಂಗೆ."

ಚಂದ್ರವ್ವ ಬಾಯಿ ತೆರೆದಳು. ಎದುರಿಗಿದ್ದ ಮುದುಕನಿಗೆ ಏನಾದರೂ ಕೊಡಬೇಕು ಎಂದು ಜೀವ ಒದ್ದಾಡಿತು. ಸುಬ್ಬಮ್ಮ ಗಂಡನ ಮೇಲಿನ ಸಿಟ್ಟನ್ನು ಎಲ್ಲಿ, ಹೇಗೆ ಬಿಟ್ಟುಕೊಟ್ಟಿದ್ದಳು? ಅವನಿಗಾಗಿ ಎಂದಾದರೂ ಯಾರೂ ನೋಡದಂತೆ ಯಾವ ಕೊಡ ಹೊತ್ತಿದ್ದಳು? ಅಳುತ್ತ ಅಳುತ್ತ ಹೋಗಿದ್ದರೆ ಅದು ತಾನಾಗಿ ಎದುರು ಬಂದು ನಿಲ್ಲುತ್ತಿತ್ತು, ಹಾಗೆ ಬರದೆ ಇದ್ದದ್ದೇ ಇಲ್ಲ. ಈಗ ನಾಲಿಗೆಗೆ ಬಂದದ್ದು ನರೇಂದ್ರ ಬರೆದುಕೊಟ್ಟ ಕರ್ಪೂರ ಮಾತ್ರ. ಅದನ್ನು ಈ ಮನುಷ್ಯನ ಮುಂದೆ ಆಡಲು ಅವಳಿಗೆ ನಾಚಿಕೆಯಾಯಿತು.

"ಗೊತ್ತಿಲ್ರಿ ಯಜಮಾನ್ರ" ಎಂದಳು. "ಅಲ್ಲೀಮಟ ನನ್ನ ಹೋಗಗೊಡಲಿಲ್ಲ. ಅದು ಆಕಿ ಮುಂದ ಕುಂತಾಗ ಅಷ್ಟ ಬರತೈತ್ರಿ. ಈಗ ಕೇಳಿದರ ನನಗೂ ಬರಂಗಿಲ್ಲ."

ದೊಡ್ಡಮುನಿಯಪ್ಪನವರು ತಲೆ ಆಡಿಸಿದರು. ಸಿಟ್ಟು ಮಾಡಿಕೊಳ್ಳಲಿಲ್ಲ, ಅಳಲೂ ಇಲ್ಲ.

"ಅಂಗಾರೆ ನನ್ ಪಾಲಿಗೆ ಬೈದಿದ್ದೇ ಉಳೀತು ಅನ್ನು" ಎಂದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.